ಸಿಗಿರಿಯ ಮತ್ತು ದಂಬುಲ್ಲ: ಅರಸನ ಬಂಡೆ, ಭಿಕ್ಷುಗಳ ಬಂಡೆ

ಶ್ರೀಲಂಕೆಯ ನಡುಭಾಗದ ಒಣ ಬಯಲಿನಲ್ಲಿ, ಕ್ಯಾಂಡಿ ನಗರದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ದಂಬುಲ್ಲ ಎಂಬ ಊರಿದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 20 ಕಿಲೋಮೀಟರ್ ಸಾಗಿದರೆ ಕಾಡಿನ ನಡುವೆ ಸಿಗಿರಿಯದ ಬಂಡೆ ಒಂಟಿಯಾಗಿ ಎದ್ದು ನಿಂತಿದೆ. ಮೊದಲನೆಯದು ಬೌದ್ಧ ಗುಹಾಲಯಗಳ ನೆಲೆ, ಎರಡನೆಯದು ಐದನೆಯ ಶತಮಾನದ ಅರಸನೊಬ್ಬನ ಗಿರಿದುರ್ಗ. ಯುನೆಸ್ಕೊ ಸಿಗಿರಿಯವನ್ನು 1982ರಲ್ಲಿಯೂ ದಂಬುಲ್ಲವನ್ನು 1991ರಲ್ಲಿಯೂ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಎರಡೂ ಹತ್ತಿರದಲ್ಲಿರುವುದರಿಂದ ಮಾರ್ಗದರ್ಶಕರೊಡನೆ ಒಂದೇ ದಿನದಲ್ಲಿ ಅವನ್ನು ನೋಡಿ ಬರುವ ಪದ್ಧತಿ ಪ್ರವಾಸಿಗರಲ್ಲಿ ಬೆಳೆದು ಬಂದಿದೆ. ಒಂದು ಕೋಟೆ, ಇನ್ನೊಂದು ಗುಡಿ ಎಂದು ಬೇರೆ ಬೇರೆಯಾಗಿ ನೋಡಿದರೆ ಈ ಎರಡು ತಾಣಗಳಿಗೆ ಸಂಬಂಧವೇ ಇಲ್ಲವೆಂದು ತೋರುತ್ತದೆ. ಆದರೆ ಎರಡರ ಚರಿತ್ರೆಯೂ ಒಂದೇ ಬೇರಿನಿಂದ ಹೊರಟದ್ದು, ಆ ಬೇರು ಇರುವುದು ಅರಮನೆಯಲ್ಲಿ ಅಲ್ಲ, ಭಿಕ್ಷುಗಳು ಮಳೆಗಾಲವನ್ನು ಕಳೆಯಲು ಆಶ್ರಯಿಸಿದ ಕಲ್ಲಿನ ಪೊಟರೆಗಳಲ್ಲಿ.

ಗುಹೆಯು ವಿಹಾರವಾದ ಬಗೆ

ಲಂಕೆಯ ಪಾಲಿ ಇತಿಹಾಸಗ್ರಂಥವಾದ ಮಹಾವಂಸದ ಪ್ರಕಾರ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಅಶೋಕನ ಆಳ್ವಿಕೆಯಲ್ಲಿ ನಡೆದ ಬೌದ್ಧ ಮಹಾಸಭೆಯ ಬಳಿಕ ಧರ್ಮಪ್ರಚಾರಕ್ಕೆಂದು ಭಿಕ್ಷುಗಳನ್ನು ನಾನಾ ದಿಕ್ಕುಗಳಿಗೆ ಕಳುಹಿಸಲಾಯಿತು. ಲಂಕೆಗೆ ಬಂದವನು ಮಹಿಂದ ಥೇರ, ಥೇರನೆಂದರೆ ಹಿರಿಯ ಭಿಕ್ಷು. ಅದೇ ಪಟ್ಟಿಯಲ್ಲಿ ವನವಾಸವೆಂಬ ನಾಡಿಗೆ ಹೋದ ರಕ್ಖಿತ ಥೇರನ ಹೆಸರೂ ಇದೆ, ಆ ವನವಾಸವನ್ನು ವಿದ್ವಾಂಸರು ಇಂದಿನ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ಗುರುತಿಸುತ್ತಾರೆ. ಹೀಗೆ ಕನ್ನಡ ನಾಡಿಗೂ ಲಂಕೆಗೂ ಬೌದ್ಧಧರ್ಮ ಒಂದೇ ಅಲೆಯಲ್ಲಿ ತಲುಪಿತೆಂಬ ನೆನಪನ್ನು ಈ ಗ್ರಂಥ ಉಳಿಸಿಕೊಂಡಿದೆ.

ಲಂಕೆಯಲ್ಲಿ ಈ ಧರ್ಮ ಊರೂರಿಗೆ ಹರಡಿದಾಗ ಭಿಕ್ಷುಗಳ ವಾಸಕ್ಕೆ ಮೊದಲು ಒದಗಿದ್ದು ಬೆಟ್ಟಗಳ ಸಹಜ ಗುಹೆಗಳು. ಚಾಚಿಕೊಂಡ ಬಂಡೆಯ ಕೆಳಗಿನ ಪೊಟರೆಯಲ್ಲಿ ಮಳೆಯ ನೀರು ಕಲ್ಲಿನ ಮೈಗುಂಟ ಒಳಗೆ ಹರಿದು ಬರುತ್ತದೆ. ಅದನ್ನು ತಡೆಯಲು ಗುಹೆಯ ಬಾಯಿಯ ಮೇಲಂಚಿನಲ್ಲಿ ಉಳಿಯಿಂದ ಉದ್ದಕ್ಕೂ ಒಂದು ಗೀರು ಕೊರೆಯುತ್ತಿದ್ದರು, ನೀರು ಆ ಗೀರಿನ ಬಳಿ ಕಲ್ಲನ್ನು ಬಿಟ್ಟು ಹೊರಗೇ ತೊಟ್ಟಿಕ್ಕುತ್ತಿತ್ತು. ಸಿಂಹಳದಲ್ಲಿ ಇದಕ್ಕೆ ಕಟಾರಮ್ ಎನ್ನುತ್ತಾರೆ. ಈ ಗೀರಿನ ಕೆಳಗೆ ಅನೇಕ ಕಡೆ ಬ್ರಾಹ್ಮೀ ಲಿಪಿಯ ಪುಟ್ಟ ಶಾಸನವಿರುತ್ತದೆ. ಇಂಥವನು ಈ ಗುಹೆಯನ್ನು ನಾಲ್ಕು ದಿಕ್ಕುಗಳಿಂದ ಬಂದ, ಇನ್ನು ಬರಲಿರುವ ಸಂಘಕ್ಕೆ ದಾನವಾಗಿ ಕೊಟ್ಟನೆಂಬುದು ಅದರ ಒಟ್ಟು ಅರ್ಥ. ಸಂಘವೆಂದರೆ ಭಿಕ್ಷುಗಳ ಸಮುದಾಯ. ದಾನ ಕೊಟ್ಟದ್ದು ಒಬ್ಬ ಭಿಕ್ಷುವಿಗಲ್ಲ, ಮುಂದೆ ಬರುವ ಎಲ್ಲರಿಗೂ ಎಂಬ ಈ ಕಟ್ಟಳೆಯಿಂದಲೇ ಗುಹೆಗಳು ಒಂದು ತಲೆಮಾರಿನ ಆಸ್ತಿಯಾಗದೆ ಶತಮಾನಗಳ ನೆಲೆಯಾದವು. ಇಂಥ ಗೀರೂ ಶಾಸನವೂ ದಂಬುಲ್ಲದಲ್ಲಿ ಇರುವಂತೆ ಸಿಗಿರಿಯದ ಬುಡದಲ್ಲಿಯೂ ಇವೆ, ಅಂದರೆ ಅರಸ ಬರುವುದಕ್ಕೆ ಏಳು ಶತಮಾನಗಳಷ್ಟು ಮೊದಲೇ ಅಲ್ಲಿ ಭಿಕ್ಷುಗಳಿದ್ದರು.

ಹದಿನೆಂಟು ವರ್ಷದ ರಾಜಧಾನಿ

ಸಿಗಿರಿಯವನ್ನು ರಾಜಧಾನಿ ಮಾಡಿದವನು ಒಂದನೆಯ ಕಶ್ಯಪ. ಅವನ ತಂದೆ ಧಾತುಸೇನನು ಕಲಾವೆವ ಎಂಬ ದೊಡ್ಡ ಕೆರೆಯನ್ನು ಕಟ್ಟಿಸಿದ ಅರಸ. ಮಹಾವಂಸದ ಮುಂದುವರಿದ ಭಾಗವಾದ ಚೂಳವಂಸ ಹೇಳುವಂತೆ, ಪಟ್ಟದರಾಣಿಯ ಮಗನಲ್ಲದ ಕಶ್ಯಪನು ಸೇನಾಪತಿ ಮಿಗಾರನ ಬೆಂಬಲದಿಂದ ತಂದೆಯನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತನ್ನು ತೋರಿಸಬೇಕೆಂದು ಪೀಡಿಸಿದನು. ಧಾತುಸೇನನು ಕಲಾವೆವದ ದಡಕ್ಕೆ ಹೋಗಿ ನೀರಿಗಿಳಿದು, ತನ್ನಲ್ಲಿರುವ ಸಂಪತ್ತೆಲ್ಲ ಇದೇ ಎಂದು ಕೆರೆಯ ನೀರನ್ನು ತೋರಿಸಿದನು. ಕೊನೆಗೆ ತಂದೆಯನ್ನು ಕೊಲ್ಲಿಸಿ ಕ್ರಿ.ಶ. 477ರಲ್ಲಿ ಪಟ್ಟವೇರಿದ ಕಶ್ಯಪನು, ದಕ್ಷಿಣ ಭಾರತಕ್ಕೆ ಓಡಿಹೋಗಿದ್ದ ತಮ್ಮ ಮೊಗ್ಗಲ್ಲಾನನ ಭಯದಿಂದ ಅಂದಿನ ರಾಜಧಾನಿ ಅನುರಾಧಪುರವನ್ನು ಬಿಟ್ಟು, ಸುತ್ತಲಿನ ನೆಲದಿಂದ ಸುಮಾರು 180 ಮೀಟರ್ ಎತ್ತರದ ಈ ಬಂಡೆಯನ್ನು ಆರಿಸಿಕೊಂಡನು.

ಭಯದಲ್ಲಿ ಹುಟ್ಟಿದ ಈ ನಗರವನ್ನು ಕಟ್ಟಿದವರ ಕೈಯಲ್ಲಿ ಮಾತ್ರ ಅಳುಕಿನ ಗುರುತಿಲ್ಲ. ಪಶ್ಚಿಮದ ಬಾಗಿಲಿನಿಂದ ಒಳಬರುವವರು ಮೊದಲು ಕಂದಕಗಳನ್ನೂ ಕೋಟೆಗೋಡೆಗಳನ್ನೂ ದಾಟುತ್ತಾರೆ. ಆಮೇಲೆ ನೇರ ದಾರಿಯ ಎರಡೂ ಬದಿಗೆ ಒಂದರ ಪ್ರತಿರೂಪದಂತೆ ಇನ್ನೊಂದನ್ನು ಹೊಂದಿಸಿದ ಕೊಳಗಳ ಉದ್ಯಾನ ಬರುತ್ತದೆ. ನೆಲದಡಿಯ ಕಾಲುವೆಗಳಲ್ಲಿ ಎತ್ತರದಿಂದ ಇಳಿದು ಬರುವ ನೀರು ತನ್ನ ಒತ್ತಡದಿಂದಲೇ ತೂತು ಕೊರೆದ ಸುಣ್ಣಕಲ್ಲಿನ ಫಲಕಗಳ ಮೂಲಕ ಕಾರಂಜಿಯಾಗಿ ಚಿಮ್ಮುವ ಏರ್ಪಾಡು ಇಲ್ಲಿದೆ, ಮತ್ತು ಒಳ್ಳೆಯ ಮಳೆ ಬಿದ್ದ ದಿನಗಳಲ್ಲಿ ಆ ಕಾರಂಜಿಗಳು ಹದಿನೈದು ಶತಮಾನಗಳ ಬಳಿಕವೂ ಕೆಲಸ ಮಾಡುತ್ತವೆ. ಇದರಾಚೆ ನೆಲ ಏರುತ್ತ ಹೋದಂತೆ ಹೆಬ್ಬಂಡೆಗಳ ಉದ್ಯಾನ ಶುರುವಾಗುತ್ತದೆ. ಇಲ್ಲಿ ನೇರ ಗೆರೆಗಳಿಲ್ಲ, ಉರುಳಿ ಬಿದ್ದ ಕಲ್ಲುಗಳ ನಡುವೆಯೇ ದಾರಿ ಸುತ್ತುತ್ತದೆ. ಈ ಕಲ್ಲುಗಳ ಮೇಲ್ಮೈಯಲ್ಲಿ ಕಾಣುವ ಸಾಲು ಸಾಲು ಕಚ್ಚುಗಳು ಒಂದು ಕಾಲಕ್ಕೆ ಅವುಗಳ ಮೇಲೆ ನಿಂತಿದ್ದ ಇಟ್ಟಿಗೆ ಗೋಡೆಗಳಿಗೆ ಹಿಡಿತ ಕೊಡಲು ಮಾಡಿದವು. ಭಿಕ್ಷುಗಳ ಹಳೆಯ ಗುಹೆಗಳಿರುವುದೂ ಈ ಭಾಗದಲ್ಲಿಯೇ.

ಬಂಡೆಯ ನಡುಮಟ್ಟದಲ್ಲಿ, 1938ರಲ್ಲಿ ಜೋಡಿಸಿದ ಸುರುಳಿ ಮೆಟ್ಟಿಲನ್ನು ಹತ್ತಿದರೆ ಪ್ರಸಿದ್ಧ ಭಿತ್ತಿಚಿತ್ರಗಳ ಪೊಟರೆ ಸಿಗುತ್ತದೆ. ಮೋಡಗಳ ನಡುವೆ ಸೊಂಟದವರೆಗೆ ಮಾತ್ರ ಕಾಣುವ, ಕೈಯಲ್ಲಿ ಹೂವು ಹಿಡಿದ ಸ್ತ್ರೀಯರ ಈ ಚಿತ್ರಗಳು ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಗಾರೆಯ ಮೇಲೆ ಬರೆದವು. ಪಶ್ಚಿಮದ ಬಂಡೆಮುಖದ ದೊಡ್ಡ ಭಾಗವನ್ನು ಒಮ್ಮೆ ಆವರಿಸಿದ್ದ ಚಿತ್ರಗಳಲ್ಲಿ ಇಂದು ಸುಮಾರು ಇಪ್ಪತ್ತು ಮಾತ್ರ ಉಳಿದಿವೆ. ಇವುಗಳ ಬಗೆಯನ್ನು ಅಜಂತೆಯ ಚಿತ್ರಗಳೊಡನೆ ಹೋಲಿಸುವುದು ವಾಡಿಕೆ. ಚಾಲುಕ್ಯರ ಮಂಗಳೇಶನು 578ರಲ್ಲಿ ಪೂರೈಸಿದ ಬಾದಾಮಿಯ ಮೂರನೆಯ ಗುಹೆಯ ಸೂರಿನಂಚಿನಲ್ಲಿ ಮಾಸಿದ ವರ್ಣಚಿತ್ರಗಳನ್ನು ಕಂಡವರು, ಅದಕ್ಕಿಂತ ಸುಮಾರು ಒಂದು ಶತಮಾನ ಹಿಂದಿನ ಸಿಗಿರಿಯದ ಬಣ್ಣಗಳು ಇಷ್ಟು ನಿಚ್ಚಳವಾಗಿ ಉಳಿದುದರ ಬೆಲೆಯನ್ನು ಬೇಗ ಅರಿಯುತ್ತಾರೆ. 1967ರಲ್ಲಿ ಕಿಡಿಗೇಡಿಗಳು ಈ ಚಿತ್ರಗಳಿಗೆ ಬಣ್ಣ ಬಳಿದು ಹಾಳುಗೆಡವಿದಾಗ ಇಟಲಿಯ ತಜ್ಞ ಲೂಚಿಯಾನೊ ಮರಾಂಜಿ ಅವನ್ನು ದುರಸ್ತಿ ಮಾಡಿದರು. ಇಂದು ಇಲ್ಲಿ ಛಾಯಾಚಿತ್ರ ತೆಗೆಯಲು ಅನುಮತಿ ಇಲ್ಲ.

ಚಿತ್ರಗಳ ಕೆಳಗಿನ ದಾರಿಗೆ ಹೊರಬದಿಯಲ್ಲಿ ಇಟ್ಟಿಗೆಯಿಂದ ಕಟ್ಟಿ, ನುಣ್ಣನೆಯ ಗಾರೆ ಮಾಡಿ ಮೆರುಗು ಕೊಟ್ಟ ಗೋಡೆಯಿದೆ. ಅದಕ್ಕೆ ಕನ್ನಡಿಗೋಡೆ ಎಂಬ ಹೆಸರು. ಕಶ್ಯಪನ ಕಾಲದ ನಂತರ ಬಂಡೆಯನ್ನು ನೋಡಲು ಬಂದ ಜನ, ಅವರಲ್ಲಿ ಭಿಕ್ಷುಗಳು, ಅಧಿಕಾರಿಗಳು, ಹೆಂಗಸರು ಎಲ್ಲರೂ ಸೇರಿದ್ದರು, ಚಿತ್ರದ ಸ್ತ್ರೀಯರನ್ನು ಕುರಿತು ಸಿಂಹಳದಲ್ಲಿ ಪುಟ್ಟ ಪದ್ಯಗಳನ್ನು ಈ ಗೋಡೆಯ ಮೇಲೆ ಗೀಚಿ ಹೋದರು. ಪುರಾತತ್ತ್ವಜ್ಞ ಸೆನರತ್ ಪರಣವಿತಾನ ಅವರು ಇಂಥ 685 ಬರಹಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಎಂಟರಿಂದ ಹತ್ತನೆಯ ಶತಮಾನದವು. ಹಳೆಯ ಸಿಂಹಳ ಕಾವ್ಯದ ಅರಿವಿಗೆ ಅವು ಅಮೂಲ್ಯ ಆಧಾರ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಸಿಗಿರಿಯವು ಪ್ರೇಕ್ಷಣೀಯ ಸ್ಥಳವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಹಳೆಯ ಬರಹಗಳನ್ನು ಉಳಿಸಿಕೊಳ್ಳಬೇಕಾದ ಕಾರಣದಿಂದಲೇ ಇಂದಿನವರು ಗೋಡೆಯನ್ನು ಮುಟ್ಟಬಾರದು.

ಇನ್ನೂ ಮೇಲೆ, ಉತ್ತರದ ಬದಿಯ ಜಗಲಿಯಲ್ಲಿ ಬೃಹತ್ತಾದ ಎರಡು ಸಿಂಹಪಾದಗಳಿವೆ, 1898ರಲ್ಲಿ ಪುರಾತತ್ತ್ವಜ್ಞ ಎಚ್.ಸಿ.ಪಿ. ಬೆಲ್ ಅವರ ಉತ್ಖನನದಲ್ಲಿ ಇವು ಬೆಳಕಿಗೆ ಬಂದವು. ಇಟ್ಟಿಗೆ ಮತ್ತು ಗಾರೆಯ ಮಹಾಸಿಂಹದ ದೇಹದೊಳಗಿನಿಂದಲೇ ಕೊನೆಯ ಮೆಟ್ಟಿಲುಗಳು ಸಾಗುತ್ತಿದ್ದವು, ಬೆಟ್ಟಕ್ಕೆ ಸಿಂಹಗಿರಿಯೆಂಬ ಹೆಸರು ಬಂದದ್ದೂ ಇದರಿಂದಲೇ. ಸುಮಾರು 1,200 ಮೆಟ್ಟಿಲುಗಳನ್ನು ಹತ್ತಿ ನೆತ್ತಿಯನ್ನು ತಲುಪಿದರೆ ಒಂದೂವರೆ ಹೆಕ್ಟೇರಿಗೂ ತುಸು ಹೆಚ್ಚು ವಿಸ್ತಾರದಲ್ಲಿ ಕಟ್ಟಡಗಳ ತಳಪಾಯ, ಜಗಲಿಗಳ ಸಾಲು ಮತ್ತು ಬಂಡೆಯಲ್ಲಿ ಕಡಿದ ದೊಡ್ಡ ಕೊಳ ಕಾಣುತ್ತವೆ. 495ರಲ್ಲಿ ಮೊಗ್ಗಲ್ಲಾನನು ಸೈನ್ಯದೊಡನೆ ಮರಳಿದಾಗ ಕಶ್ಯಪನು ಬಯಲಿಗಿಳಿದು ಕಾದಾಡಿದನು. ಎದುರಿಗೆ ಕೆಸರುನೆಲ ಬಂದಾಗ ಅವನ ಆನೆ ಪಕ್ಕಕ್ಕೆ ತಿರುಗಿತು, ಅರಸ ಹಿಮ್ಮೆಟ್ಟಿದನೆಂದು ತಿಳಿದ ಸೈನ್ಯ ಚದುರಿತು, ಕಶ್ಯಪನು ತನ್ನ ಕೊರಳನ್ನು ತಾನೇ ಕತ್ತರಿಸಿಕೊಂಡನೆಂದು ಚೂಳವಂಸ ಹೇಳುತ್ತದೆ. ರಾಜಧಾನಿ ಅನುರಾಧಪುರಕ್ಕೆ ಮರಳಿತು, ಸಿಗಿರಿಯ ಮತ್ತೆ ಭಿಕ್ಷುಗಳ ವಶವಾಗಿ ಮುಂದಿನ ಹಲವು ಶತಮಾನಗಳ ಕಾಲ ವಿಹಾರವಾಗಿಯೇ ಉಳಿಯಿತು.

ಚಿತ್ರದ ಸ್ತ್ರೀಯರು ಯಾರೆಂಬ ಪ್ರಶ್ನೆಗೆ ವಿದ್ವಾಂಸರ ಉತ್ತರ ಒಂದೇ ಅಲ್ಲ. ಅವರು ಸಮೀಪದ ಪಿದುರಂಗಲ ವಿಹಾರಕ್ಕೆ ಪೂಜೆಗೆ ಹೊರಟ ಅರಮನೆಯ ಹೆಂಗಸರೆಂದು ಬೆಲ್, ಅಪ್ಸರೆಯರೆಂದು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ, ಮಿಂಚು ಮತ್ತು ಮೋಡಗಳ ಮೂರ್ತರೂಪವೆಂದು ಪರಣವಿತಾನ ಅಭಿಪ್ರಾಯಪಟ್ಟರು. ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ರಾಜಾ ಡಿ ಸಿಲ್ವ ಅವರಂತೂ ಸಿಗಿರಿಯವು ಅರಮನೆಯೇ ಅಲ್ಲ, ಬೌದ್ಧ ವಿಹಾರ, ಚಿತ್ರದಲ್ಲಿರುವವಳು ಮಹಾಯಾನ ಪಂಥದ ತಾರಾದೇವಿ ಎಂದು ವಾದಿಸಿದರು. ಈ ಕೊನೆಯ ವಾದವನ್ನು ಹೆಚ್ಚಿನವರು ಒಪ್ಪದಿದ್ದರೂ, ಬಂಡೆಯ ಚರಿತ್ರೆಯಲ್ಲಿ ವಿಹಾರಕ್ಕಿರುವ ಪಾಲನ್ನು ಅದು ಬಲವಾಗಿ ನೆನಪಿಸುತ್ತದೆ.

ಪೂಜೆ ನಿಲ್ಲದ ಗುಹೆಗಳು

ದಂಬುಲ್ಲದ ಬಂಡೆ ಬಯಲಿನಿಂದ ಸುಮಾರು 160 ಮೀಟರ್ ಎತ್ತರವಿದೆ. ಅದರ ದಕ್ಷಿಣ ಬದಿಯ ಚಾಚಿನಡಿಯಲ್ಲಿ ಒಂದರ ಪಕ್ಕಕ್ಕೊಂದು ಐದು ಗುಹಾಲಯಗಳಿವೆ; ಅವುಗಳ ಮುಂದಿನ ಬಿಳಿಯ ಮೊಗಸಾಲೆ ಮಾತ್ರ 1938ರದು. ಪರಂಪರೆಯ ಪ್ರಕಾರ, ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಆಕ್ರಮಣದಿಂದ ಸಿಂಹಾಸನ ಕಳೆದುಕೊಂಡ ವಲಗಂಬ ಅರಸನು ಹದಿನಾಲ್ಕು ವರ್ಷ ತಲೆಮರೆಸಿಕೊಂಡಿದ್ದಾಗ ಇಲ್ಲಿನ ಭಿಕ್ಷುಗಳ ಆಶ್ರಯ ಪಡೆದನು, ರಾಜ್ಯ ಮರಳಿ ದೊರೆತ ಮೇಲೆ ಕೃತಜ್ಞತೆಯಿಂದ ಗುಹೆಗಳನ್ನು ಆಲಯಗಳನ್ನಾಗಿ ಮಾಡಿಸಿದನು. ಇದೇ ಅರಸನ ಕಾಲದಲ್ಲಿ, ಕ್ಯಾಂಡಿ–ದಂಬುಲ್ಲ ದಾರಿಯಲ್ಲಿ ಮಾತಲೆಯ ಬಳಿ ಇರುವ ಆಲುವಿಹಾರದ ಗುಹೆಗಳಲ್ಲಿ, ಅಲ್ಲಿಯವರೆಗೆ ಬಾಯಿಪಾಠದಿಂದ ಉಳಿದು ಬಂದಿದ್ದ ಪಾಲಿ ತ್ರಿಪಿಟಕವು, ಅಂದರೆ ಬೌದ್ಧರ ಮೂಲಗ್ರಂಥಗಳ ಸಂಕಲನವು, ಮೊದಲ ಬಾರಿಗೆ ಬರಹಕ್ಕಿಳಿಯಿತೆಂದು ನಂಬಲಾಗಿದೆ.

ಮೊದಲನೆಯ ಗುಹೆಯಾದ ದೇವರಾಜ ವಿಹಾರದಲ್ಲಿ ಬಂಡೆಯಲ್ಲಿಯೇ ಕಡಿದ, ಸುಮಾರು 14 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ; ಅದು ಪರಿನಿರ್ವಾಣದ, ಅಂದರೆ ಬುದ್ಧನ ಅಂತಿಮ ಶಾಂತಿಯ ಭಂಗಿ. ಎರಡನೆಯದಾದ ಮಹಾರಾಜ ವಿಹಾರ ಎಲ್ಲಕ್ಕಿಂತ ದೊಡ್ಡದು, ಅಗಲ ಸುಮಾರು 52 ಮೀಟರ್, ಆಳ 23 ಮೀಟರ್. ಇಲ್ಲಿ ಬುದ್ಧನ ವಿಗ್ರಹಗಳ ಜೊತೆಗೆ ವಲಗಂಬ ಮತ್ತು ನಿಸ್ಸಂಕಮಲ್ಲ ಅರಸರ ಪ್ರತಿಮೆಗಳೂ, ವಿಷ್ಣು ಮತ್ತು ಲಂಕೆಯ ದೇವತೆಯಾದ ಸಮನ್ ಇವರ ವಿಗ್ರಹಗಳೂ ಇವೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ನಿಸ್ಸಂಕಮಲ್ಲನು ವಿಗ್ರಹಗಳಿಗೆ ಚಿನ್ನದ ಲೇಪ ಮಾಡಿಸಿದ್ದರಿಂದ ಈ ಬೆಟ್ಟಕ್ಕೆ ರನ್‌ಗಿರಿ, ಎಂದರೆ ಹೊನ್ನಿನ ಬೆಟ್ಟ, ಎಂಬ ಹೆಸರಾಯಿತು. ಐದೂ ಗುಹೆಗಳನ್ನು ಸೇರಿಸಿದರೆ ವಿಗ್ರಹಗಳು 157, ಭಿತ್ತಿಚಿತ್ರಗಳ ವಿಸ್ತಾರ ಸುಮಾರು 2,100 ಚದರ ಮೀಟರ್.

ಈ ಚಿತ್ರಗಳಲ್ಲಿ ಹೆಚ್ಚಿನವು ಹದಿನೆಂಟನೆಯ ಶತಮಾನದವು, ಕ್ಯಾಂಡಿಯ ಅರಸ ಕೀರ್ತಿಶ್ರೀ ರಾಜಸಿಂಹನ ಕಾಲದಲ್ಲಿ ಮರುಬರೆಸಿದವು; ಮೂರನೆಯ ಗುಹಾಲಯವನ್ನು ಕಟ್ಟಿಸಿದವನೂ ಅವನೇ. ಈ ಅರಸನು ದಕ್ಷಿಣ ಭಾರತದ ಮದುರೆಯಿಂದ ಬಂದ ನಾಯಕ ಮನೆತನದವನು. ಮದುರೆಯ ನಾಯಕರು ಮೂಲದಲ್ಲಿ ವಿಜಯನಗರದ ಅರಸರ ಪ್ರಾಂತಾಧಿಕಾರಿಗಳಾಗಿದ್ದವರು. ಗುಹೆಯ ಚಾವಣಿಯನ್ನು ಸಮ ಮಾಡದೆ, ಬಂಡೆಯ ಉಬ್ಬುತಗ್ಗುಗಳ ಮೇಲೆಯೇ ಬುದ್ಧನ ಧ್ಯಾನ ಕೆಡಿಸಲು ಬಂದ ಮಾರನ ಸೈನ್ಯದ ದಾಳಿಯನ್ನೂ ಬುದ್ಧನ ಮೊದಲ ಉಪದೇಶವನ್ನೂ ಬರೆದಿರುವುದರಿಂದ, ಮೇಲೆ ನೋಡಿದವರಿಗೆ ಚಿತ್ರ ಬರೆದ ದೊಡ್ಡ ಬಟ್ಟೆಯೊಂದನ್ನು ಸಡಿಲವಾಗಿ ಹರಡಿದಂತೆ ಕಾಣುತ್ತದೆ. ಬ್ರಿಟಿಷರ ತೆರಿಗೆಗಳ ವಿರುದ್ಧ 1848ರಲ್ಲಿ ಮಾತಲೆ ಪ್ರಾಂತದ ಜನ ದಂಗೆಯೆದ್ದಾಗ ಅವರ ಮುಂದಾಳು ಗೊಂಗಾಲೆಗೊಡ ಬಂಡನಿಗೆ ಅರಸನ ಪಟ್ಟ ಕಟ್ಟಿದ್ದೂ ದಂಬುಲ್ಲದ ಈ ವಿಹಾರದಲ್ಲಿಯೇ. ಜನರ ಕಣ್ಣಲ್ಲಿ ಈ ಸ್ಥಳಕ್ಕೆ ಎಂಥ ಮನ್ನಣೆ ಇತ್ತೆಂಬುದು ಇದರಿಂದ ತಿಳಿಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಭಿಕ್ಷುಗಳ ನೆಲೆಯಾಗಿ ಬಂದ ಈ ಗುಹೆಗಳಲ್ಲಿ ಇಂದಿಗೂ ಹೂವು ಏರುತ್ತದೆ, ದೀಪ ಉರಿಯುತ್ತದೆ.

ದಿನವನ್ನು ಹೊಂದಿಸಿಕೊಳ್ಳುವ ಕ್ರಮ

ಬಿಸಿಲು ಏರುವ ಮೊದಲು, ಬಾಗಿಲು ತೆರೆಯುವ ಹೊತ್ತಿಗೇ ಸಿಗಿರಿಯವನ್ನು ಹತ್ತಲು ಶುರುಮಾಡುವುದು ಒಳ್ಳೆಯದು. ಹತ್ತಿ ಇಳಿಯಲು ಎರಡು ಮೂರು ಗಂಟೆ ಬೇಕು, ನೆತ್ತಿಯಲ್ಲಿ ನೆರಳಿಲ್ಲ. ಬಂಡೆಯಲ್ಲಿ ಹೆಜ್ಜೇನು, ಕಣಜಗಳ ಗೂಡುಗಳಿರುವುದರಿಂದ ಗದ್ದಲ ಮಾಡಬಾರದೆಂಬ ಎಚ್ಚರಿಕೆಯ ಫಲಕಗಳನ್ನು ಪಾಲಿಸಲೇಬೇಕು. ಇಳಿದ ಮೇಲೆ ಅಲ್ಲಿನ ವಸ್ತುಸಂಗ್ರಹಾಲಯವನ್ನು ನೋಡಿ, ಊಟ ಮುಗಿಸಿ, ಮಧ್ಯಾಹ್ನದ ನಂತರ ದಂಬುಲ್ಲಕ್ಕೆ ಹೋಗಬಹುದು. ಅದು ಪೂಜೆ ನಡೆಯುವ ಸ್ಥಳವಾದ್ದರಿಂದ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಬೇಕು, ಪಾದರಕ್ಷೆಯನ್ನೂ ಟೋಪಿಯನ್ನೂ ಹೊರಗೆ ತೆಗೆಯಬೇಕು. ಬುದ್ಧನಿಗೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಅಲ್ಲಿನವರು ಅಗೌರವವೆಂದು ತಿಳಿಯುತ್ತಾರೆ. ಮಾರ್ಗದರ್ಶಕರನ್ನು ಆರಿಸುವಾಗ ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಪರವಾನಗಿ ಇರುವವರನ್ನು ಕೇಳಿ ನೋಡಿಕೊಳ್ಳಬೇಕು.

ತಂದೆಯನ್ನು ಕೊಂದ ಮಗನ ಕತೆ ರೋಚಕವಾದದ್ದು, ಅದನ್ನು ಯಾರಾದರೂ ಹೇಳುತ್ತಾರೆ. ಆದರೆ ಸಿಗಿರಿಯದ ದೀರ್ಘ ಚರಿತ್ರೆಯಲ್ಲಿ ಕಶ್ಯಪನ ಪಾಲು ಹದಿನೆಂಟು ವರ್ಷ ಮಾತ್ರ. ಅದಕ್ಕೆ ಮುಂಚೆಯೂ ಆಮೇಲೂ ಆ ಬಂಡೆ ಭಿಕ್ಷುಗಳದ್ದಾಗಿತ್ತು, ಮತ್ತು ಅದು ಹೇಗಿತ್ತೆಂಬುದನ್ನು ತಿಳಿಸಿಕೊಡುವುದು ದಂಬುಲ್ಲ. ಆದ್ದರಿಂದ ಅಲ್ಲಿಗೆ ಹೋಗುವ ಕನ್ನಡಿಗರು ಚಿತ್ರದ ಸ್ತ್ರೀಯರನ್ನೂ ಸಿಂಹಪಾದಗಳನ್ನೂ ನೋಡಿ ತೃಪ್ತರಾಗದೆ, ಹೆಬ್ಬಂಡೆಗಳ ನಡುವಿನ ಗುಹೆಗಳನ್ನೂ ಅವುಗಳ ಮೇಲಂಚಿನ ಗೀರನ್ನೂ ಬ್ರಾಹ್ಮೀ ಅಕ್ಷರಗಳನ್ನೂ ತೋರಿಸುವಂತೆ ಮಾರ್ಗದರ್ಶಕರನ್ನು ಕೇಳಬೇಕು. ಅದಕ್ಕೆ ತಗಲುವ ಅರ್ಧ ಗಂಟೆಯಿಂದ ಉಳಿದ ಇಡೀ ದಿನದ ನೋಟಕ್ಕೆ ಅರ್ಥ ಬರುತ್ತದೆ.