ಎಲ್ಲರಿಗೂ ಮೂಲ ಆದಾಯ: ಹಣ ಯಾರ ಕಿಸೆಯಿಂದ?

ಗದಗಿಗೆ ಸಮೀಪದ ಕಳಸಾಪುರದಂಥ ಗ್ರಾಮದಲ್ಲಿ ನಿಂತು ರಾಜ್ಯದ ಅಂದಾಜುಪತ್ರಿಕೆಯನ್ನು ಓದಿದರೆ ಅದರ ಅರ್ಥವು ರಾಜಧಾನಿಯಲ್ಲಿ ಕಂಡದ್ದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ. ಇದು ಮಳೆಯನ್ನೇ ನಂಬಿದ ಎರೆಹೊಲಗಳ ನಾಡು. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಧಾರಣೆ ಬಿದ್ದ ವರ್ಷ ಸಾಲವೇ ಗತಿ. ಇಂಥ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಸಲ್ಲುವುದೆಂದರೆ ಅದು ಸಣ್ಣ ಮಾತಲ್ಲ. ಆದುದರಿಂದ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನು ಪುಕ್ಕಟೆ ಹಂಚಿಕೆಯೆಂದು ಹಳಿಯುವವರ ಪಂಕ್ತಿಯಲ್ಲಿ ನಾವು ಕುಳ್ಳಿರಲಾರೆವು. ನಮ್ಮ ಪ್ರಶ್ನೆ ಬೇರೆ. ಈ ಹಣ ಯಾರ ಕಿಸೆಯಿಂದ ಬರುತ್ತದೆ?

ಪ್ರತಿಯೊಬ್ಬ ಪ್ರಜೆಗೂ ಯಾವ ಷರತ್ತೂ ಇಲ್ಲದೆ ಒಂದು ಮೂಲ ಆದಾಯವಿರಬೇಕೆಂಬ ವಿಚಾರವು ಇಂದು ಲೋಕದಲ್ಲೆಲ್ಲ ಚರ್ಚೆಗೆ ಬಂದಿದೆ. ಗೃಹಲಕ್ಷ್ಮಿಯು ಪೂರ್ಣಾರ್ಥದಲ್ಲಿ ಅದಲ್ಲ. ಅದು ಮನೆಗೊಬ್ಬ ಯಜಮಾನಿಗೆ ಮಾತ್ರ ಸಲ್ಲುವಂಥದು. ಆಕೆಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕೊಡುವವರಾಗಿದ್ದರೆ ಆ ಮನೆಗೆ ಇಲ್ಲ. ಆದರೂ ಆ ದಾರಿಯಲ್ಲಿ ನಮ್ಮ ನಾಡು ಇಟ್ಟ ದೊಡ್ಡ ಹೆಜ್ಜೆ ಇದು. 2025-26ರ ಅಂದಾಜುಪತ್ರಿಕೆಯ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ್ದು 51,034 ಕೋಟಿ, ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ. ಎಂದರೆ ರಾಜ್ಯದ ವೆಚ್ಚದಲ್ಲಿ ನೂರಕ್ಕೆ ಏಳು ಪಾಲು.

ಇನ್ನು ಗಂಡು-ಹೆಣ್ಣು, ಬಡವ-ಬಲ್ಲಿದರೆನ್ನದೆ ಎಲ್ಲರಿಗೂ ತಿಂಗಳಿಗೆ 1,000 ರೂಪಾಯಿ ಕೊಡುವೆವೆಂದರೆ ಏನಾಗುತ್ತದೆ? 2011ರ ಜನಗಣತಿಯ 6 ಕೋಟಿ 11 ಲಕ್ಷ ಜನರನ್ನೇ ಲೆಕ್ಕಕ್ಕೆ ಹಿಡಿದರೂ ವರ್ಷಕ್ಕೆ 73,000 ಕೋಟಿಯ ಮೇಲೆ ಬೇಕು. ಅದೇ ಅಂದಾಜುಪತ್ರಿಕೆಯಲ್ಲಿ ರಾಜಸ್ವದ ಕೊರತೆಯೇ 19,262 ಕೋಟಿ. ಎತ್ತಬೇಕೆಂದಿದ್ದ ಸಾಲವು 1,16,000 ಕೋಟಿ. ಮಗನಿಗೆ ಸಾಲ ಹೊರಿಸಿ ತಂದೆಗೆ ವೇತನ ಕೊಡುವುದು ಧರ್ಮವಲ್ಲ. ಸಾಲವು ಕೆರೆಗೆ, ಕಾಲುವೆಗೆ, ಶಾಲೆಗೆ ಸಲ್ಲಬಹುದು. ದಿನದ ಊಟಕ್ಕೆ ಸಲ್ಲದು.

ಇನ್ನೊಂದು ದಾರಿಯನ್ನು ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆಯು ಚರ್ಚಿಸಿತ್ತು. ತಲೆಗೆ ವರ್ಷಕ್ಕೆ 7,620 ರೂಪಾಯಿ ಕೊಟ್ಟರೆ ರಾಷ್ಟ್ರೋತ್ಪನ್ನದಲ್ಲಿ ನೂರಕ್ಕೆ 4.9ರಷ್ಟು ಬೇಕಾದೀತೆಂದೂ, ಈಗಿನ ಸಹಾಯಧನಗಳನ್ನು ಇದಕ್ಕೆ ತಿರುಗಿಸಬಹುದೆಂದೂ ಅದರ ವಿಚಾರಸರಣಿ. ಶ್ರೀಮಂತರಿಗೆ ಸಲ್ಲುವ ರಿಯಾಯಿತಿಗಳನ್ನು ಕಡಿದರೆ ನಮ್ಮ ತಕರಾರಿಲ್ಲ. ಆದರೆ ಪಡಿತರದ ಅಕ್ಕಿಯನ್ನು ಕಸಿದು ಅದರ ಬೆಲೆಯನ್ನೇ ಆದಾಯವೆಂದು ಕೊಟ್ಟರೆ ಬಡವನ ಎಡಗೈಯಿಂದ ತೆಗೆದು ಬಲಗೈಗೆ ಇಟ್ಟಂತೆ.

ಹಾಗಾದರೆ ರಾಜ್ಯ ಸರಕಾರದ ಕೈಯಲ್ಲಿರುವುದೇನು? ಆದಾಯ ತೆರಿಗೆಯು, ಕೃಷಿ ಆದಾಯವನ್ನು ಬಿಟ್ಟರೆ, ಕೇಂದ್ರದ ಸ್ವತ್ತು. 2017ರಿಂದ ಸರಕು ಸೇವಾ ತೆರಿಗೆಯ ದರವನ್ನೂ ರಾಜ್ಯವು ತಾನೊಂದೇ ನಿಶ್ಚಯಿಸುವಂತಿಲ್ಲ. ಉಳಿದವುಗಳಲ್ಲಿ ಮುಖ್ಯವಾದವು ಇಂಧನ, ವಾಹನ, ನೋಂದಣಿ ಮತ್ತು ಮದ್ಯ. 2025-26ರಲ್ಲಿ ಅಬಕಾರಿಯಿಂದ ಸರಕಾರವು ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ವಾಚಕರು ಈ ಅಂಕಿಯನ್ನು ಗೃಹಲಕ್ಷ್ಮಿಯ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಕೂಲಿಕಾರನು ಸಂಜೆ ಅಂಗಡಿಯಲ್ಲಿ ಸುರಿದದ್ದರಲ್ಲಿ ಒಂದು ಪಾಲು ಬೊಕ್ಕಸವನ್ನು ಸುತ್ತಿ ಅವನ ಹೆಂಡತಿಯ ಖಾತೆಗೆ ಮರಳಿದರೆ ಅದನ್ನು ಆದಾಯವೆನ್ನಬೇಕೆ, ಪ್ರಾಯಶ್ಚಿತ್ತವೆನ್ನಬೇಕೆ? ಕುಡಿತ ತಗ್ಗಿದರೆ ಎಲ್ಲಿ ಕಂತು ತಪ್ಪೀತೋ ಎಂದು ಸರಕಾರವೇ ಅಂಜುವ ಸ್ಥಿತಿ ಬರಬಾರದು.

ಈ ಸಂಕಟ ನಮಗೆ ಹೊಸದಲ್ಲ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲಗಳು ಅಧಿಕಾರಕ್ಕೆ ಬಂದಾಗ, ಪಾನನಿರೋಧ ಮಾಡಿದರೆ ಮಕ್ಕಳ ಶಿಕ್ಷಣಕ್ಕೆ ಹಣವೆಲ್ಲಿಯದೆಂಬ ಪ್ರಶ್ನೆ ಎದ್ದಿತು. ಶಾಲೆಯ ಖರ್ಚನ್ನು ಸೆರೆಯ ಉತ್ಪನ್ನಕ್ಕೆ ಕಟ್ಟಿಹಾಕುವುದನ್ನು ಗಾಂಧೀಜಿಯವರು ಕಟುವಾಗಿ ಖಂಡಿಸಿದರು. ಗದಗವನ್ನೊಳಗೊಂಡ ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಖೇರ ಮಂತ್ರಿಮಂಡಲವು 1939ರಲ್ಲಿ ಮುಂಬಯಿ ನಗರದಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. ಅಬಕಾರಿಯ ಹಾನಿಯನ್ನು ತುಂಬಿಕೊಳ್ಳಲು ಮುಂಬಯಿ ಮತ್ತು ಅಹಮದಾಬಾದಿನ ಸ್ಥಿರಾಸ್ತಿಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ನೂರಕ್ಕೆ ಹತ್ತರಂತೆ ತೆರಿಗೆ ಹಾಕಿತು. ಮನೆಮಾಲಕರು ಕೂಗಾಡಿದರು. ಆದರೆ ಕುಡುಕನ ಕಿಸೆಯನ್ನು ಬಿಟ್ಟು ಆಸ್ತಿವಂತನ ಕಿಸೆಯನ್ನು ಮುಟ್ಟಿದ ಆ ಧೈರ್ಯವು ಇಂದಿಗೂ ಮನನೀಯವಾಗಿದೆ.

ಅದೇ ದಾರಿ ಇಂದು ಮತ್ತೆ ಹಿಡಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಪಟ್ಟಣದ ಅಂಚಿನ ಹೊಲವೊಂದು ನಿವೇಶನವಾಗಿ ಹತ್ತುಪಟ್ಟು ಬೆಲೆ ಪಡೆಯಿತೆನ್ನೋಣ. ಆ ಬೆಲೆಯನ್ನು ಬೆಳೆದವನು ಮಾಲಕನಲ್ಲ. ರಸ್ತೆ, ನೀರು, ದೀಪ, ನೆರೆಯ ಜನಸಂದಣಿ ಇವು ಬೆಳೆದವು. ಸಮಾಜವು ಹುಟ್ಟಿಸಿದ ಬೆಲೆಯಲ್ಲಿ ಸಮಾಜಕ್ಕೊಂದು ಪಾಲು ಸಲ್ಲಬೇಕಾದುದು ನ್ಯಾಯ. 1797ರಲ್ಲಿಯೇ ಥಾಮಸ್ ಪೇನನು ಭೂಮಿಯು ಮೂಲತಃ ಎಲ್ಲರ ಸೊತ್ತೆಂದೂ, ಆಸ್ತಿಯು ವಾರಸುದಾರರಿಗೆ ಹೋಗುವಾಗ ಅದರಲ್ಲೊಂದು ಪಾಲನ್ನು ತೆಗೆದು ಎಲ್ಲರಿಗೂ ಹಂಚಬೇಕೆಂದೂ ವಾದಿಸಿದ್ದನು. ಅಮೇರಿಕೆಯ ಅಲಾಸ್ಕಾ ಸಂಸ್ಥಾನವು ತನ್ನ ಎಣ್ಣೆಯ ಉತ್ಪನ್ನದ ಒಂದು ಪಾಲನ್ನು 1976ರಲ್ಲಿ ಸ್ಥಾಪಿಸಿದ ಶಾಶ್ವತ ನಿಧಿಯಲ್ಲಿಟ್ಟು, 1982ರಿಂದ ಅದರ ಲಾಭವನ್ನು ತನ್ನ ನಿವಾಸಿಗಳಿಗೆ ಹಂಚುತ್ತ ಬಂದಿದೆ. ಅಲ್ಲಿ ಅದು ಭಿಕ್ಷೆಯಲ್ಲ, ಪಾಲುದಾರನ ಹಕ್ಕು.

ನಮಗೆ ಎಣ್ಣೆಯ ಬಾವಿಗಳಿಲ್ಲ. ಆದರೆ ಅದಿರಿದೆ, ಭೂಮಿಯಿದೆ. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರವು ರಾಜ್ಯಗಳಿಗುಂಟೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 25ರಂದು ತೀರ್ಪಿತ್ತಿದೆ. ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯು ರಾಜ್ಯಾಂಗದಂತೆ ರಾಜ್ಯದ್ದೇ. ಈಗ ನೋಂದಣಿ ಶುಲ್ಕವು ಕೊಳ್ಳುವವನನ್ನು ಹಿಂಡುತ್ತದೆ; ಹತ್ತು ನಿವೇಶನಗಳನ್ನು ಪಾಳು ಕೆಡವಿ ಬೆಲೆಯೇರಿಕೆಯನ್ನು ಕಾಯುವವನನ್ನು ಅದು ಮುಟ್ಟುವುದೇ ಇಲ್ಲ. ಉಳುವ ಸಣ್ಣ ಹಿಡುವಳಿಗೂ ವಾಸದ ಒಂದು ಮನೆಗೂ ವಿನಾಯಿತಿಯಿತ್ತು, ಉಳಿದ ನೆಲದ ಮೌಲ್ಯದ ಮೇಲೆ ವಾರ್ಷಿಕ ಕರ ವಿಧಿಸಬೇಕು. ಇದೊಂದರಿಂದಲೇ 73,000 ಕೋಟಿ ಕೂಡೀತೆಂದು ನಾವು ಹೇಳುವುದಿಲ್ಲ. ಕೂಡಿದಷ್ಟನ್ನೇ ಪ್ರತ್ಯೇಕ ನಿಧಿಯಲ್ಲಿಟ್ಟು ಹಂಚಿದರೆ ಆರಂಭದಲ್ಲಿ ಮೊತ್ತ ಸಣ್ಣದಾದೀತು, ಆದರೆ ಶುದ್ಧವಾದೀತು.

ಈ ಕರವು ನಗರವಾಸಿಗಳೂ ಅಧಿಕಾರಿಗಳೂ ಆದ ನಮ್ಮ ವಾಚಕರಲ್ಲಿ ಹಲವರ ಮೇಲೆಯೇ ಬೀಳುವುದೆಂಬುದನ್ನು ನಾವು ಮರೆಮಾಚುವುದಿಲ್ಲ. ನಾವೂ ಅದರಿಂದ ಹೊರಗಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘವನ್ನು ಕಟ್ಟಿದಾಗ ಅದು ನಿಂತದ್ದು ಹೊರಗಿನವರ ಔದಾರ್ಯದ ಮೇಲಲ್ಲ, ಊರವರು ತಾವೇ ಕೂಡಿಸಿದ ಪಾಲಿನ ಮೇಲೆ. ರಾಜ್ಯವೂ ಒಂದು ದೊಡ್ಡ ಸಹಕಾರ ಸಂಘವೇ ಅಲ್ಲವೆ? ಉಳ್ಳವರು ತಮ್ಮ ಪಾಲನ್ನು ಕಟ್ಟಿದರೆ ಕಳಸಾಪುರದ ಗೃಹಿಣಿಯು ತನ್ನ ತಿಂಗಳ ಹಣವನ್ನು ತಲೆಯೆತ್ತಿ ಪಡೆದಾಳು. ಕಟ್ಟದಿದ್ದರೆ ಅದನ್ನು ಆಕೆಯ ಗಂಡನೇ ಸಂಜೆ ಅಂಗಡಿಯಲ್ಲಿ ಕಟ್ಟಬೇಕಾದೀತು.