ಮಾತು ಬಿಟ್ಟ ಮಾತುಗಾರರು

ತಾಳಕ್ಕೆ ಹೊಂದಿಸಿ, ಪ್ರಾಸ ಹೆಣೆದು ಆಡುವ ಮಾತಾದ ರ‍್ಯಾಪ್, ಹಿಪ್-ಹಾಪ್ ಸಂಗೀತದ ಮುಖವಾಗಿರುವುದರಿಂದ, ಮಾತಿಲ್ಲದೆ ಆ ಸಂಗೀತವೇ ಇಲ್ಲವೆಂಬ ನಂಬಿಕೆ ಬೆಳೆದಿದೆ. ಎರಡು ದಶಕಕ್ಕೂ ಮೀರಿ ಮಾತಿನಿಂದಲೇ ಹೆಸರಾಗಿದ್ದ ನ್ಯೂಯಾರ್ಕಿನ ಬೀಸ್ಟಿ ಬಾಯ್ಸ್ ಗುಂಪು 2007ರ ಜೂನ್‌ನಲ್ಲಿ ಬರೀ ವಾದ್ಯಗಳ ಹನ್ನೆರಡು ರಚನೆಗಳ ‘ದಿ ಮಿಕ್ಸ್-ಅಪ್’ ಆಲ್ಬಂ ಹೊರತಂದಾಗ ಕೇಳುಗರು ಅಚ್ಚರಿಪಟ್ಟದ್ದು ಇದೇ ನಂಬಿಕೆಯಿಂದ. ಆದರೆ ಹಿಪ್-ಹಾಪ್‌ನ ಹುಟ್ಟನ್ನು ನೋಡಿದರೆ ಅಚ್ಚರಿಗೆ ಹೆಚ್ಚು ಕಾರಣವಿಲ್ಲ. 1973ರಲ್ಲಿ ಬ್ರಾಂಕ್ಸ್ ಬಡಾವಣೆಯ ಕುಣಿತದ ಕೂಟಗಳಲ್ಲಿ ಕೂಲ್ ಹರ್ಕ್ ಎಂಬ ಡಿಜೆ, ಹಾಡು ನಿಂತು ವಾದ್ಯ ಮಾತ್ರ ನುಡಿಯುವ ‘ಬ್ರೇಕ್’ ಎಂಬ ತುಣುಕನ್ನು ಎರಡು ತಟ್ಟೆಗಳ ನೆರವಿನಿಂದ ಮತ್ತೆ ಮತ್ತೆ ನುಡಿಸಿ ಹಿಗ್ಗಿಸಿದ್ದರಿಂದ ಈ ಪ್ರಕಾರ ಮೊಳೆಯಿತು. ಮಾತು ಅದರ ಮೇಲೆ ಬಂದು ಕುಳಿತದ್ದು ಆಮೇಲೆ.

ಎಡೆದೊರೆ ನಾಡಿನಲ್ಲಿ, ಅಂದರೆ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ, ಮಾತು ತೆಗೆದರೆ ಸಂಗೀತ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿದರೆ ಉತ್ತರ ತಲೆಕೆಳಗಾಗುತ್ತದೆ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯರಾದ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಇವರ ಶಿಷ್ಯರಾಗಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809), ಹೀಗೆ ಮೂರು ತಲೆಮಾರು ಹಾಡಿದ ಪದಗಳ ಸಾಹಿತ್ಯ ಉಳಿದಿದೆ, ಮೂಲ ಧಾಟಿಗಳು ಬಹುಮಟ್ಟಿಗೆ ಅಳಿದಿವೆ. ಹಸ್ತಪ್ರತಿಗಳು ರಾಗ-ತಾಳಗಳ ಹೆಸರನ್ನು ಹೇಳುತ್ತವೆಯೇ ಹೊರತು ಸ್ವರಗಳನ್ನು ಬರೆದಿಟ್ಟಿಲ್ಲ. ಹೀಗಾಗಿ ಇಂದು ಕೊಳಲೋ ಹಾರ್ಮೋನಿಯಮ್ಮೋ ದಾಸರ ಪದವೊಂದನ್ನು ನುಡಿಸಿದರೆ ಕೇಳಿಬರುವುದು ಸಾಮಾನ್ಯವಾಗಿ ಮುಂದಿನ ಗಾಯಕರ ಸಂಯೋಜನೆ. ದಾಸರು ಅಲ್ಲಿರುವುದು ಕೇಳುಗನ ನೆನಪಿನಲ್ಲಿರುವ ಮಾತಿನಲ್ಲಿ ಮಾತ್ರ.

ಲಯದ ಮಟ್ಟಿಗೆ ಮಾತ್ರ ಈ ತೀರ್ಪನ್ನು ಸಡಿಲಿಸಬೇಕು. ಒಂದೊಂದು ಖಂಡಕ್ಕೆ ಒಂದೊಂದು ತಾಳವನ್ನು ಬಳಸುವ ಸುಳಾದಿ ಎಂಬ ಪ್ರಬಂಧಪ್ರಕಾರದಲ್ಲಿ ವಿಜಯದಾಸರದು ದೊಡ್ಡ ಹೆಸರು. ಜಗನ್ನಾಥದಾಸರ ಹರಿಕಥಾಮೃತಸಾರವಂತೂ ಭಾಮಿನಿ ಷಟ್ಪದಿಯಲ್ಲಿದ್ದು, ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಸರದಿಯಂತೆ ಬರುವ ಆ ಛಂದಸ್ಸು ತನ್ನ ತಾಳವನ್ನು ಅಕ್ಷರಗಳೊಳಗೇ ಹೊತ್ತಿದೆ.

ಮೂರನೆಯ ದಾರಿಯೊಂದಿದೆ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು (1932–2024) ಎಳವೆಯಲ್ಲಿ ಗಾಯನ ಕಲಿತು, ಮುಂದೆ ಅಲಿ ಅಕ್ಬರ್ ಖಾನರಲ್ಲಿ ಸರೋದಿಗೆ ಒಲಿದವರು. ರಾಗಸಂಗೀತದ ಬಂದಿಶ್ ಎಂಬ ರಚನೆಯಲ್ಲಿ ಮಾತು ಎರಡು-ನಾಲ್ಕು ಸಾಲಿಗೆ ಮುಗಿದು, ಉಳಿದುದೆಲ್ಲ ಸ್ವರದ ವಿಸ್ತಾರವೇ ಆದ್ದರಿಂದ, ಮೆಟ್ಟಿಲುಗಳಿಲ್ಲದೆ ಸ್ವರದಿಂದ ಸ್ವರಕ್ಕೆ ಜಾರುವ ಸರೋದಿಗೆ ಗಂಟಲಿನ ಕೆಲಸ ಪರಕೀಯವಲ್ಲ.

ಬೀಸ್ಟಿ ಬಾಯ್ಸ್ ಗುಂಪಿನ ಬಲ ಇಷ್ಟು ಆಳದ್ದಲ್ಲ. 1981ರಲ್ಲಿ ಪಂಕ್ ರಾಕ್ ವಾದ್ಯಗೋಷ್ಠಿಯಾಗಿ ಶುರುವಾಗಿ, 1986ರ ‘ಲೈಸೆನ್ಸ್ಡ್ ಟು ಇಲ್’ ಮೂಲಕ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ ಮೊದಲ ರ‍್ಯಾಪ್ ಆಲ್ಬಂ ಕೊಟ್ಟ ಈ ಗುಂಪಿನ ಮೂವರು, 1992ರ ಹೊತ್ತಿಗೆ ಮತ್ತೆ ವಾದ್ಯ ಕೈಗೆತ್ತಿಕೊಂಡಿದ್ದರು. ‘ದಿ ಮಿಕ್ಸ್-ಅಪ್’ನಲ್ಲಿ ಆ್ಯಡಮ್ ಯಾಕ್ ಬೇಸ್ ಗಿಟಾರ್, ಆ್ಯಡಮ್ ಹೊರೊವಿಟ್ಜ್ ಗಿಟಾರ್, ಮೈಕಲ್ ಡೈಮಂಡ್ ಡ್ರಮ್ ನುಡಿಸಿದ್ದಾರೆ. ಮಾತು ಕಳಚಿದ ಹಳೆಯ ಹಾಡುಗಳು ಇಲ್ಲಿಲ್ಲ, ಎಲ್ಲವೂ ವಾದ್ಯಕ್ಕೆಂದೇ ಕಟ್ಟಿದವು. ನುಡಿಸಾಣಿಕೆಯಲ್ಲಿ ಪಾಂಡಿತ್ಯ ಕಡಿಮೆ, ಪರಸ್ಪರ ಕಿವಿಗೊಡುವ ಗುಣ ಹೆಚ್ಚು. ಗುಂಪಿನ ಶ್ರೇಷ್ಠ ಕೃತಿಯಲ್ಲದ ಇದಕ್ಕೆ 2008ರಲ್ಲಿ ಪಾಪ್ ವಾದ್ಯಸಂಗೀತದ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅವರ ಮುಂದಿನ ಆಲ್ಬಂ 2011ರಲ್ಲಿ ಬಂದಾಗ ಮಾತು ಮರಳಿತ್ತು. ಮರುವರ್ಷ ಯಾಕ್ ತೀರಿಕೊಂಡದ್ದರಿಂದ ಅದೇ ಕೊನೆಯದಾಯಿತು.