ಹಲಗಿ ಹೇಳಿದ ಪಂಚಾಯಿತಿ ಸುದ್ದಿ

ಮಸ್ಕಿಗೆ ಹೋದದ್ದು ಬಂಡೆ ನೋಡಲು. ದುರ್ಗದ ಗುಡ್ಡದ ಆ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ಅಶೋಕ’ ಎಂಬ ಹೆಸರಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. ಅಲ್ಲಿಯವರೆಗೆ ಶಾಸನಗಳಲ್ಲಿ ಸಿಗುತ್ತಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ದೇವಾನಾಂಪ್ರಿಯನೇ ಅಶೋಕ ಎಂಬುದು ಗಟ್ಟಿಯಾದದ್ದು ಮಸ್ಕಿಯ ಕಲ್ಲಿನಿಂದ. ಇಷ್ಟನ್ನು ಶಾಲೆಯಲ್ಲೇ ಓದಿದ್ದೆ. ಓದದೆ ಉಳಿದದ್ದು ಶಾಸನದ ಕೊನೆಯ ಭಾಗ. ಇಲ್ಲಿ ಕೆತ್ತಿದ ವಿಚಾರವನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಹೇಳಬೇಕು ಎಂದು ಅರಸ ಅಲ್ಲಿ ಅಪ್ಪಣೆ ಮಾಡಿದ್ದಾನೆ. ಕೆತ್ತಿ ಬಿಟ್ಟರೆ ಸಾಲದು, ಹೇಳಬೇಕು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಯಾರೋ ಒಬ್ಬರು ಈ ಕಲ್ಲಿನ ಮಾತನ್ನು ಬಾಯಿಗೆ ತಂದುಕೊಂಡು ಊರಿಗೆ ಸಾರಿರಲೇಬೇಕು.

ಗುಡ್ಡ ಇಳಿದು ಲಿಂಗಸುಗೂರಿನ ದಿಕ್ಕಿನ ಒಂದು ಹಳ್ಳಿಗೆ ಹೋದಾಗ, ಅದೇ ಕೆಲಸವನ್ನು ಹತ್ತಿರ ಹತ್ತಿರ ನಲವತ್ತು ವರ್ಷ ಮಾಡಿದ ತಾತ ಸಿಕ್ಕರು. ಪಂಚಾಯಿತಿಯ ಡಂಗುರ ಸಾರುತ್ತಿದ್ದವರು. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ. ಪಂಚಾಯಿತಿಯ ಕಾಮಗಾರಿಗಳ ಬಗ್ಗೆ ಬರೆಯಲು ಹೊರಟವನು ಆ ಇಡೀ ಮಧ್ಯಾಹ್ನ ಅವರ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ.

ತಾತನಿಗೆ ಓದು ಬರುವುದಿಲ್ಲ. ಕಾರ್ಯದರ್ಶಿ ಚೀಟಿಯನ್ನು ಎರಡು ಸಲ ಓದಿ ಹೇಳಿದರೆ ಸಾಕು, ಮನಸ್ಸಿನಲ್ಲಿ ಕೂರುತ್ತಿತ್ತಂತೆ. ಆಮೇಲೆ ಒಣ ಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಯಿಸುವುದು. ಚರ್ಮ ಬಿಗಿಯಾಗದೆ ದನಿ ಏಳುವುದಿಲ್ಲ. ಮಳೆಗಾಲದಲ್ಲಿ ಎರಡು ಓಣಿ ದಾಟುವಷ್ಟರಲ್ಲಿ ಮತ್ತೆ ಸಡಿಲವಾಗಿ, ಯಾರದೋ ಮನೆಯ ಒಲೆಯ ಮುಂದೆ ನಿಲ್ಲಬೇಕಾಗುತ್ತಿತ್ತು. ಸಾರಲು ಎರಡೇ ಹೊತ್ತು: ಮಂದಿ ಹೊಲಕ್ಕೆ ಹೊರಡುವ ಮುಂಚೆ, ಇಲ್ಲವೆ ರಾತ್ರಿ ಉಣ್ಣುವ ವೇಳೆ. ಅಗಸಿ, ಹನುಮಪ್ಪನ ಗುಡಿ, ಚಾವಡಿ, ಬಾವಿ ಎಂದು ಅವರು ಬೆರಳು ಮಡಚಿ ಎಣಿಸಿದ ನಿಲ್ದಾಣಗಳು ಹನ್ನೊಂದು. ಪ್ರತಿಯೊಂದರಲ್ಲೂ ಮೊದಲು ಬಡಿತ, ಆಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುವುದು. ನಾಯಿ ಬೊಗಳಿ ಮುಗಿಯಬೇಕು, ಹೆಣ್ಣುಮಕ್ಕಳು ಬಾಗಿಲಿಗೆ ಬರಬೇಕು. ಅಲ್ಲಿಯವರೆಗೆ ಬಾಯಿ ತೆರೆದರೆ ಮಾತು ಹಾಳು.

ನನ್ನನ್ನು ಹಿಡಿದು ಕೂರಿಸಿದ್ದು ಇದರ ನಂತರ ಬಂದ ಮಾತು. ಚೀಟಿಯಲ್ಲಿ ಇದ್ದದ್ದನ್ನು ಅವರು ಇದ್ದ ಹಾಗೆ ಹೇಳುತ್ತಿರಲಿಲ್ಲ. ‘ಸಾಮಾಜಿಕ ಪರಿಶೋಧನೆ’ ಎಂದು ಬರೆದಿದ್ದರೆ ಅವರ ಬಾಯಲ್ಲಿ ಅದು ‘ಲೆಕ್ಕ ಕೇಳೋ ಸಭೆ’. ‘ವಸತಿ ಯೋಜನೆ ಫಲಾನುಭವಿಗಳ ಆಯ್ಕೆ’ ಎಂದಿದ್ದರೆ ‘ಮನಿ ಇಲ್ದವ್ರ ಹೆಸರ ಬರಕೊಳ್ತಾರ, ಬರ್ರಿ’. ‘ಕರ ವಸೂಲಾತಿ ಅಭಿಯಾನ’ ಅಂದರೆ ‘ಮನಿಪಟ್ಟಿ, ನಳಪಟ್ಟಿ ಕಟ್ರಿ’. ‘ಕ್ರಿಯಾಯೋಜನೆ’ ಮಾತ್ರ ಬಹಳ ದಿನ ಕಾಡಿತಂತೆ. ಕೊನೆಗೆ ‘ಈ ವರ್ಷ ಊರಾಗ ಏನೇನ್ ಕೆಲಸ ಆಗಬೇಕು, ನೀವ ಬಂದು ಹೇಳ್ರಿ’ ಎಂದು ಮಾಡಿಕೊಂಡರು. ಕಚೇರಿಯ ಕನ್ನಡವನ್ನು ಊರಿನ ಕನ್ನಡಕ್ಕೆ ಇಳಿಸುವ ಈ ಕೆಲಸವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಗ್ರಾಮಸಭೆಯ ಇಡೀ ಅರ್ಥ ಆ ಕೊನೆಯ ವಾಕ್ಯದಲ್ಲಿ ಇರುವಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕೇಳಿಲ್ಲ.

ಇತಿಹಾಸವೆಂದು ಅವರು ಹೇಳಿದ್ದು ಇಷ್ಟು. ಅವರಪ್ಪನ ಕಾಲದಲ್ಲಿ ಇದು ನಿಜಾಮನ ಸೀಮೆ, ಡಂಗುರವೆಂದರೆ ಗೌಡ, ಕುಲಕರ್ಣಿಗಳ ಹುಕುಂ. ಕೂಲಿ ಇಲ್ಲ, ಸುಗ್ಗಿಯಲ್ಲಿ ಕಣದ ಬದಿಗೆ ನಿಂತರೆ ಒಂದಿಷ್ಟು ಜೋಳ. ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು, ಆದರೆ ಹಲಗಿ ಮಾತ್ರ ಅವರ ಕೇರಿಯಲ್ಲೇ ಉಳಿಯಿತು. ಕೆಲವು ಕಟ್ಟೆಗಳ ಹತ್ತಿರ ಅವರಪ್ಪ ಹೋಗುವಂತಿರಲಿಲ್ಲ, ದೂರದಲ್ಲೇ ನಿಂತು ಕೂಗಬೇಕಿತ್ತು. “ಅದಕ್ಕ ನಮ್ಮ ಮನ್ಯಾಗ ಎಲ್ಲಾರ ದನಿ ದೊಡ್ಡದು” ಎಂದರು ತಾತ. ಅವರ ಮಗ ಹಲಗಿ ಮುಟ್ಟಲಿಲ್ಲ. ಮುಟ್ಟದಿದ್ದದ್ದೇ ಸರಿ ಎಂದು ತಾತನೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಮಂಡಲ ಪಂಚಾಯಿತಿ ಬಂದದ್ದು 1987ರ ಚುನಾವಣೆಯಿಂದ. ಆ ವ್ಯವಸ್ಥೆ ಕಟ್ಟಿದ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಬೋರ್‌ವೆಲ್ ಕಾರಣಕ್ಕೆ ಜನ ‘ನೀರಸಾಬ’ ಎಂದು ಕರೆದರು. 1993ರ ಕಾಯ್ದೆಯಿಂದ ಗ್ರಾಮ ಪಂಚಾಯಿತಿಗಳಾದವು. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಶುರುವಾದಾಗ ರಾಯಚೂರೂ ಅದರಲ್ಲಿತ್ತು. ತಾತನ ಹಲಗಿಗೆ ಅತಿ ಹೆಚ್ಚು ಕೆಲಸ ಸಿಕ್ಕಿದ್ದು ಆಗ. ಕೆಲಸ ತಾನಾಗಿ ಬರುವುದಿಲ್ಲ, ನಮೂನೆ 6 ತುಂಬಿ ಕೇಳಬೇಕು ಎಂಬುದನ್ನು ಓಣಿ ಓಣಿಗೆ ಮುಟ್ಟಿಸಿದವರು ಇಂಥವರು ಮತ್ತು ಕೂಲಿಕಾರರ ಸಂಘಟನೆಯ ಹೆಣ್ಣುಮಕ್ಕಳು. ಹೊಲದ ಬದು, ಕೃಷಿ ಹೊಂಡ, ಕೆರೆಯ ಹೂಳು ಎಂದು ನೂರು ದಿನದ ಕೆಲಸ ಎಷ್ಟೋ ಮನೆಗಳನ್ನು ಗುಳೆಯಿಂದ ತಡೆಯಿತು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾದರೂ ಸುದ್ದಿ ಮೂರು ಬಗೆ. ಸಿಂಧನೂರಿನದು ಕಾಲುವೆಯ ಸುದ್ದಿ. ತುಂಗಭದ್ರಾ ಎಡದಂಡೆಗೆ ನೀರು ಬಿಟ್ಟಾಗ ಪಂಚಾಯಿತಿಗಳು ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳಬೇಕು. ಆ ಸರದಿ ತಪ್ಪಿದರೆ ಬೇಸಿಗೆ ಕಷ್ಟ. ಅಲ್ಲಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದವರ ತೆಲುಗು, ಆರ್.ಎಚ್. ಕ್ಯಾಂಪುಗಳಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದವರ ಬಂಗಾಳಿ. ಕನ್ನಡದ ಪ್ರಕಟಣೆ ಒಂದೇ ಎಲ್ಲರನ್ನೂ ಮುಟ್ಟುವುದಿಲ್ಲ. ಲಿಂಗಸುಗೂರಿನದು ಹೊಳೆಯ ಸುದ್ದಿ. ನಾರಾಯಣಪುರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಯವರಿಗೆ ದಾರಿಯೇ ಇರುವುದಿಲ್ಲ. ಅಲ್ಲಿ ಸುದ್ದಿ ತಡವಾಗಿ ಮುಟ್ಟಿದರೆ ಪ್ರಾಣದ ಪ್ರಶ್ನೆ. 2018ರಿಂದ ತಾಲ್ಲೂಕಾದ ಮಸ್ಕಿಯದು ಮಳೆಯ ಸುದ್ದಿ, ಅಂದರೆ ಗುಳೆಯ ಸುದ್ದಿ. ಇಲ್ಲಿಯ ರೈತರು ನೀರಾವರಿಗೆ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಈ ಒಣ ನೆಲದ ಕಾರಣಕ್ಕೇ.

ಈಗ ಹಲಗಿ ಇಲ್ಲ. ಪಂಚಾಯಿತಿಯ ಗೋಡೆಗೆ ನೋಟಿಸು ಅಂಟುತ್ತದೆ, ವಾಟ್ಸ್‌ಆ್ಯಪ್ ಗುಂಪಿಗೆ ಅದರ ಫೋಟೊ ಬೀಳುತ್ತದೆ. ಗ್ರಾಮಸಭೆಗೆ ಕೋರಂ ಎಂದರೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ಅಷ್ಟು ಜನ ಸೇರದೆ ಸಭೆ ಮುಂದಕ್ಕೆ ಹೋಯಿತು ಎನ್ನುವಾಗ ಜನರ ಉದಾಸೀನವನ್ನು ದೂರುವವರಿದ್ದಾರೆ. ಹೊಲದಿಂದ ಹೊತ್ತು ಮುಳುಗಿದ ಮೇಲೆ ಮನೆ ಸೇರುವ ಹೆಂಗಸಿಗೆ ಗೋಡೆಯ ಚೀಟಿ ಯಾವ ಹೊತ್ತಿನಲ್ಲಿ ಕಣ್ಣಿಗೆ ಬೀಳಬೇಕು? ಅಂಟಿಸಿದ್ದನ್ನು ತಿಳಿಸಿದ್ದು ಎಂದು ಲೆಕ್ಕ ಹಿಡಿಯುವುದು ನ್ಯಾಯವಲ್ಲ.

ಸಮಾಧಾನದ ಸಂಗತಿಯೂ ಇದೆ. ಎಷ್ಟೋ ಪಂಚಾಯಿತಿಗಳಲ್ಲಿ ಕಸದ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಡಿಸುತ್ತಿದ್ದಾರೆ. ಆ ಗಾಡಿಗೆ ಮೈಕು ಇರುತ್ತದೆ, ದಿನವೂ ಮನೆಬಾಗಿಲಿಗೆ ಹೋಗುತ್ತದೆ. ಹಾಡಿನ ನಡುವೆ ಪಂಚಾಯಿತಿ ಸುದ್ದಿಯನ್ನು ಊರಿನ ಮಾತಿನಲ್ಲಿ, ಸಂಬಳ ಪಡೆಯುವ ನೌಕರಳಾಗಿ ಗಾಡಿ ಓಡಿಸುವವಳೇ ಹೇಳಿದರೆ ಬೇಡವೆನ್ನುವವರು ಯಾರು? 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಂದ ತುಂಬಿದವು. ಅರಿವು ಕೇಂದ್ರ ಎಂದು ಹೆಸರು ಪಡೆದ ಆ ಕೋಣೆಗಳಲ್ಲಿ ನೋಟಿಸನ್ನು ಓದಿ, ತಮ್ಮ ಮಾತಿಗೆ ತಿರುಗಿಸಿ ಮನೆಗೆ ಒಯ್ಯಬಲ್ಲ ಮಕ್ಕಳಿದ್ದಾರೆ. ಆಗಸ್ಟ್ ಮಧ್ಯದಿಂದ ನಡೆಯುವ ಜಮಾಬಂದಿಯಲ್ಲಿ ಪಂಚಾಯಿತಿ ತನ್ನ ವರ್ಷದ ಲೆಕ್ಕವನ್ನು ಊರ ಮುಂದೆ ಇಡಬೇಕು. ಅದೊಂದನ್ನಾದರೂ ಓಣಿಯಲ್ಲಿ ಸಾರಲಿ.

ಸಂಜೆ ಹೊರಡುವ ಮುಂಚೆ, ತಾತ, ಒಂದು ಸಲ ಸಾರಿ ತೋರಿಸಿ ಎಂದು ಕೇಳಿಕೊಂಡೆ. ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಹಲಗಿ ತಂದರು. ಧೂಳು ಒರೆಸಿದರು. ಬೆರಳಿನಿಂದ ಅಂಚು ತಟ್ಟಿ ಕಿವಿಗೆ ಹಿಡಿದರು. ಓಣಿಯ ಆಚೆ ಈಚೆ ನೋಡಿ, ಬಡಿಯದೆ ಮಡಿಲಲ್ಲಿ ಇಟ್ಟುಕೊಂಡರು.

“ಸುದ್ದಿ ಇಲ್ದ ಬಡೀಬಾರದ್ರಿ. ಮಂದಿ ಹೊರಗ ಬರ್ತಾರ.”

ಎದ್ದು ಹೋಗಿ ಅದನ್ನು ಮತ್ತೆ ಗೂಟಕ್ಕೆ ಹಾಕಿ ಬಂದರು.